ಅರ್ಥ ಗೊತ್ತಿದ್ದೂ ಆಡಿದ ಪದ ಏಕೆ ತಿಳಿಯುವುದಿಲ್ಲ?

ಪ್ರಶ್ನೆ: ನಾನು ರಾಣೆಬೆನ್ನೂರಿನ ಕಡೆಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಿ.ಕಾಂ. ಮುಗಿಸಿ, ಈಗ ಬೆಂಗಳೂರಿನಲ್ಲಿ ಸಾಲ ಮತ್ತು ಠೇವಣಿಗೆ ಸಂಬಂಧಿಸಿದ ಗ್ರಾಹಕರ ಕರೆಗಳಿಗೆ ಉತ್ತರಿಸುವ ಕೆಲಸದಲ್ಲಿದ್ದೇನೆ. ದಿನಕ್ಕೆ ಹತ್ತು ಪದಗಳನ್ನು ಇಂಗ್ಲಿಷ್–ಕನ್ನಡ ನಿಘಂಟಿನಿಂದ ಆರಿಸಿ, ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು, ಕನ್ನಡ ಅರ್ಥದೊಡನೆ ಬಾಯಿಪಾಠ ಮಾಡುತ್ತೇನೆ. ಬರೆದದ್ದನ್ನು ಓದಿದರೆ ಅರ್ಥವಾಗುತ್ತದೆ. ಫೋನಿನಲ್ಲಿ ಮಾತ್ರ ಹೊರರಾಜ್ಯದ, ಹೊರದೇಶದ ಗ್ರಾಹಕರು ನಾನು ಹೇಳಿದ್ದನ್ನು ಮತ್ತೆ ಮತ್ತೆ ಕೇಳುತ್ತಾರೆ. ನನಗೆ ಗೊತ್ತಿರುವ ಪದವನ್ನೇ ಅವರು ಆಡಿದಾಗ ನನಗೂ ಹಿಡಿತಕ್ಕೆ ಸಿಗುವುದಿಲ್ಲ. ಕನ್ನಡ ಲಿಪಿಯಲ್ಲಿ ಉಚ್ಚಾರಣೆ ಬರೆದುಕೊಳ್ಳುವುದೇ ತಪ್ಪೇ? ಯಾವ ನಿಘಂಟನ್ನು ಬಳಸಬೇಕು? ಬ್ರಿಟಿಷ್ ಉಚ್ಚಾರಣೆ ಕಲಿಯಬೇಕೇ, ಅಮೆರಿಕನ್ ಉಚ್ಚಾರಣೆಯೇ?

ಉತ್ತರ: ಕನ್ನಡ ಲಿಪಿಯಲ್ಲಿ ಉಚ್ಚಾರಣೆಯನ್ನು ಬರೆದುಕೊಳ್ಳುವುದು ತಪ್ಪಲ್ಲ. ಇಂಗ್ಲಿಷಿನ ಸ್ಪೆಲಿಂಗಿಗಿಂತ ನಮ್ಮ ಲಿಪಿ ಧ್ವನಿಗೆ ಎಷ್ಟೋ ಹತ್ತಿರವಾಗಿದೆ. ಹ್ರಸ್ವ ದೀರ್ಘಗಳ ಭೇದ ನಮಗೆ ಎಳವೆಯಿಂದಲೇ ರೂಢಿಯಾಗಿರುವುದರಿಂದ ‘ಶಿಪ್’ ಮತ್ತು ‘ಶೀಪ್’ ಪದಗಳನ್ನು ಬೇರ್ಪಡಿಸಲು ಬೇರೆ ಕೆಲವು ಭಾಷೆಯವರು ಪಡುವ ಕಷ್ಟ ನಮಗಿಲ್ಲ. ಆದರೆ ಆ ಲಿಪಿ ತೋರಿಸಲಾರದ ಎರಡು ಸಂಗತಿಗಳಿವೆ. ಪದದ ಯಾವ ಅಕ್ಷರದ ಮೇಲೆ ಒತ್ತು ಬೀಳುತ್ತದೆ ಎಂಬುದು ಒಂದು. ಒತ್ತು ಬೀಳದ ಅಕ್ಷರದಲ್ಲಿರುವ ಸ್ವರ ಎಷ್ಟು ಕ್ಷೀಣವಾಗುತ್ತದೆ ಎಂಬುದು ಇನ್ನೊಂದು. ಒತ್ತು ಎಂದಾಗ ನಾನು ಒತ್ತಕ್ಷರವನ್ನು ಹೇಳುತ್ತಿಲ್ಲ. ಪದದ ಒಂದು ಭಾಗವನ್ನು ಮಿಕ್ಕ ಭಾಗಗಳಿಗಿಂತ ಗಟ್ಟಿಯಾಗಿ, ತುಸು ಉದ್ದವಾಗಿ, ದನಿಯನ್ನು ಬದಲಿಸಿ ಉಚ್ಚರಿಸುವುದನ್ನು ಹೇಳುತ್ತಿದ್ದೇನೆ. ನೀವು ವಿವರಿಸಿರುವ ಕ್ರಮದಲ್ಲಿ ಈ ಎರಡಕ್ಕೂ ಜಾಗವಿಲ್ಲ, ಮತ್ತು ಗ್ರಾಹಕರು ಮತ್ತೆ ಮತ್ತೆ ಕೇಳುವುದಕ್ಕೂ, ಅವರ ಮಾತು ನಿಮಗೆ ಹಿಡಿಯದಿರುವುದಕ್ಕೂ ಮುಖ್ಯ ಕಾರಣ ಇದೇ ಎಂದು ನಾನು ಖಚಿತವಾಗಿ ಹೇಳಬಲ್ಲೆ.

ನಿಮ್ಮ ಕೆಲಸದ ಪದಗಳನ್ನೇ ತೆಗೆದುಕೊಳ್ಳೋಣ. ‘ಪೆನಾಲ್ಟಿ’ ಎಂದು ನಾವೆಲ್ಲ ಹೇಳುತ್ತೇವೆ. ನಡುವಿನ ‘ನಾ’ ದೀರ್ಘವಾಗಿರುವುದರಿಂದ ಇಂಗ್ಲಿಷ್ ಕಿವಿಗೆ ಒತ್ತು ಅಲ್ಲಿಯೇ ಬಿದ್ದಂತೆ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಒತ್ತು ಇರುವುದು ಮೊದಲ ‘ಪೆ’ ಮೇಲೆ. ‘ನ’ ಹ್ರಸ್ವ, ಅಷ್ಟೇ ಅಲ್ಲ, ಇದ್ದೂ ಇಲ್ಲದಂತಿರುವಷ್ಟು ಕ್ಷೀಣ. ‘ಸರ್ಟಿಫಿಕೇಟ್’ ಎಂಬಲ್ಲಿ ನಾವು ‘ಕೇ’ ಅಕ್ಷರವನ್ನು ಎಳೆಯುತ್ತೇವೆ. ಅಲ್ಲಿ ಒತ್ತು ‘ಟಿ’ ಮೇಲಿದೆ, ಕೊನೆಯದು ‘ಕೇಟ್’ ಅಲ್ಲ, ‘ಕಟ್’ ಎಂಬುದಕ್ಕೆ ಹತ್ತಿರ. ‘ಡೆಪಾಸಿಟ್’ ಎಂದು ಎಲ್ಲ ಅಕ್ಷರಗಳಿಗೂ ಸಮಾನ ಬಲ ಕೊಟ್ಟು ಹೇಳುವ ಪದ ಅವರಲ್ಲಿ ‘ಡಿಪಾಜ಼ಿಟ್’; ಒತ್ತು ‘ಪಾ’ ಮೇಲೆ, ಆನಂತರದ ವ್ಯಂಜನ ಸಕಾರವಲ್ಲ, ಘೋಷವುಳ್ಳ, ಅಂದರೆ ಗಂಟಲಿನ ಕಂಪನದೊಡನೆ ಬರುವ ಜ಼ಕಾರ. ‘ಗ್ಯಾರಂಟಿ’ ನಮ್ಮ ಬಾಯಲ್ಲಿ ಮೊದಲಿಂದ ಇಳಿಯುತ್ತ ಹೋಗುತ್ತದೆ. ಅಲ್ಲಿ ಅದು ಕೊನೆಯ ‘ಟೀ’ ಮೇಲೆ ಏರಿ ನಿಲ್ಲುತ್ತದೆ. ಇಂಥ ಪದವನ್ನು ಕೇಳುವವರು ಅಕ್ಷರಗಳನ್ನು ಒಂದೊಂದಾಗಿ ಜೋಡಿಸಿಕೊಂಡು ಅರ್ಥ ಮಾಡಿಕೊಳ್ಳುವುದಿಲ್ಲ. ಒತ್ತು ಬಿದ್ದ ಭಾಗವನ್ನು ಹಿಡಿದು, ಅದಕ್ಕೆ ಹೊಂದುವ ಪದವನ್ನು ಮನಸ್ಸಿನಲ್ಲಿ ಹುಡುಕುತ್ತಾರೆ. ಒತ್ತು ತಪ್ಪಾದ ಜಾಗದಲ್ಲಿದ್ದರೆ ಹುಡುಕಾಟವೇ ತಪ್ಪು ಕಡೆಯಿಂದ ಆರಂಭವಾಗುತ್ತದೆ, ಉಳಿದ ಎಲ್ಲ ಧ್ವನಿಗಳೂ ಸರಿಯಾಗಿದ್ದರೂ ಸಹ. ಕನ್ನಡದಲ್ಲಿ ಒತ್ತಿನಿಂದ ಅರ್ಥ ಬದಲಾಗುವುದಿಲ್ಲವಾದ್ದರಿಂದ ಈ ಸಂಗತಿ ನಮ್ಮ ಗಮನಕ್ಕೇ ಬರುವುದಿಲ್ಲ, ಶಾಲೆಗಳಲ್ಲಿ ಇದನ್ನು ಹೇಳಿಕೊಡುವವರೂ ವಿರಳ.

ಇದು ನನ್ನೊಬ್ಬಳ ಅನುಭವದ ಮಾತಲ್ಲ. ಭಾರತೀಯರ ಇಂಗ್ಲಿಷ್ ಬೇರೆಯವರಿಗೆ ಎಷ್ಟರಮಟ್ಟಿಗೆ ತಿಳಿಯುತ್ತದೆ ಎಂಬುದನ್ನು ಕುರಿತು ಆರ್. ಕೆ. ಬನ್ಸಲ್ ಅವರು ನಡೆಸಿದ ಅಧ್ಯಯನ 1969ರಲ್ಲಿ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಿಂದ ಪ್ರಕಟವಾಯಿತು. ಮಾತು ತಿಳಿಯದೆ ಹೋಗುವುದಕ್ಕೆ ಅವರು ಗುರುತಿಸಿದ ಮುಖ್ಯ ಕಾರಣಗಳಲ್ಲಿ ಪದದ ಒತ್ತು ತಪ್ಪುವುದೂ ಒಂದು. ನಿಮ್ಮ ಸಂದರ್ಭದಲ್ಲಿ ಫೋನು ಈ ತೊಂದರೆಯನ್ನು ಹೆಚ್ಚಿಸುತ್ತದೆ. ಸಾಂಪ್ರದಾಯಿಕ ದೂರವಾಣಿ ಜಾಲ ಸುಮಾರು 300ರಿಂದ 3,400 ಹರ್ಟ್ಜ್‌ವರೆಗಿನ ಧ್ವನಿಯನ್ನು ಮಾತ್ರ ಸಾಗಿಸುತ್ತದೆ. ‘ಎಸ್’ ಮತ್ತು ‘ಎಫ್’ ಅಕ್ಷರಗಳ ಧ್ವನಿಯನ್ನು ಬೇರ್ಪಡಿಸುವ ಸೂಕ್ಷ್ಮ ಭಾಗವೆಲ್ಲ ಬಹುಪಾಲು ಅದಕ್ಕಿಂತ ಮೇಲಿನ ಮಟ್ಟದಲ್ಲಿರುತ್ತದೆ. ಹೆಸರಿನ ಅಕ್ಷರಗಳನ್ನು ಬಿಡಿಸಿ ಹೇಳುವಾಗ ‘ಎಸ್ ಫಾರ್ ಸಿಯೆರಾ, ಎಫ್ ಫಾರ್ ಫಾಕ್ಸ್‌ಟ್ರಾಟ್’ ಎನ್ನಬೇಕಾಗುವುದು ಇಂಥ ಕಾರಣಕ್ಕೇ. ವ್ಯಂಜನಗಳು ಹೀಗೆ ಮಸುಕಾದಾಗ ಕೇಳುಗರಿಗೆ ಆಧಾರವಾಗಿ ಉಳಿಯುವುದು ಸ್ವರಗಳು ಮತ್ತು ಒತ್ತು. ಎದುರಿಗೆ ಕುಳಿತವರಿಗೆ ತಿಳಿಯುವ ನಿಮ್ಮ ಮಾತು ಫೋನಿನಲ್ಲಿ ತಿಳಿಯದಿರುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಕ್ಷೀಣ ಸ್ವರ. ಒತ್ತು ಇಲ್ಲದ ಅಕ್ಷರದಲ್ಲಿ ಎ, ಇ, ಓ, ಯು ಯಾವ ಅಕ್ಷರವನ್ನೇ ಬರೆದಿದ್ದರೂ ಇಂಗ್ಲಿಷಿನವರ ಬಾಯಲ್ಲಿ ಅದು ಹೆಚ್ಚಿನ ಕಡೆ ಒಂದೇ ಧ್ವನಿಯಾಗುತ್ತದೆ: ನಾಲಿಗೆಯನ್ನು ಬಾಯಿಯ ನಡುವೆ ಸಡಿಲವಾಗಿ ಬಿಟ್ಟು, ತುಟಿಗಳನ್ನು ಚಾಚದೆ, ಅರೆಗಳಿಗೆ ಹೊರಡಿಸುವ, ನಮ್ಮ ಅಕಾರದ ನೆರಳಿನಂಥ ಧ್ವನಿ. ಭಾಷಾವಿಜ್ಞಾನಿಗಳು ಅದನ್ನು ‘ಶ್ವಾ’ ಎಂದು ಕರೆಯುತ್ತಾರೆ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಸ್ವರ ಇದೇ, ಆದರೂ ಅದಕ್ಕೆಂದೇ ಒಂದು ಅಕ್ಷರ ಅವರ ವರ್ಣಮಾಲೆಯಲ್ಲಿ ಇಲ್ಲ, ನಮ್ಮದರಲ್ಲಿಯೂ ಇಲ್ಲ. ‘ಅಕೌಂಟ್’ ಪದದ ಮೊದಲ ಧ್ವನಿ, ‘ಬ್ಯಾಲೆನ್ಸ್’ ಪದದ ‘ಲೆ’, ‘ಪರ್ಸೆಂಟೇಜ್’ ಪದದ ‘ಪ’ ಇವೆಲ್ಲವೂ ಅದೇ. ಆ ಕೊನೆಯ ಪದದಲ್ಲಿ ನಾವು ಎಳೆಯುವ ‘ಟೇಜ್’ ಸಹ ಅವರಲ್ಲಿ ‘ಟಿಜ್’ ಎಂದು ಕುಗ್ಗಿಬಿಡುತ್ತದೆ. ‘ಇಂಟರೆಸ್ಟ್’ ಎಂದು ಮೂರು ಭಾಗಗಳಾಗಿ ನಾವು ಹೇಳುವುದನ್ನು ಅವರಲ್ಲಿ ಅನೇಕರು ‘ಇಂಟ್ರಸ್ಟ್’ ಎಂದು ಎರಡಕ್ಕೆ ಇಳಿಸುತ್ತಾರೆ. ಇದು ನಮಗೆ ಅಪರಿಚಿತವಾದ ಪ್ರವೃತ್ತಿಯೇನಲ್ಲ. ನಾವು ‘ಮಾಡಿದರು’, ‘ಹೋಗುತ್ತಾರೆ’ ಎಂದು ಬರೆಯುತ್ತೇವೆ. ಮಾತಿನಲ್ಲಿ ‘ಮಾಡಿದ್ರು’, ‘ಹೋಗ್ತಾರೆ’ ಎನ್ನುತ್ತೇವೆ. ಬರಹದ ಕನ್ನಡವನ್ನು ಮಾತ್ರ ಕಲಿತ ಒಬ್ಬ ಹೊರಗಿನವರು ನಮ್ಮ ಮಾತಿನಲ್ಲಿ ‘ಹೋಗುತ್ತಾರೆ’ ಎಂಬುದಕ್ಕಾಗಿ ಕಾಯುತ್ತ ಕುಳಿತರೆ ಅವರಿಗೆ ಏನು ಕಷ್ಟವಾಗುತ್ತದೆಯೋ, ಅದೇ ಕಷ್ಟ ಗ್ರಾಹಕರ ಮಾತಿನಲ್ಲಿ ‘ಇಂಟರೆಸ್ಟ್’ ಎಂಬುದಕ್ಕಾಗಿ ಕಾಯುವ ನಿಮಗೂ ಆಗುತ್ತಿದೆ. ಆದ್ದರಿಂದ ಒತ್ತನ್ನು ಕಲಿತರೆ ಆಡುವುದು ಮಾತ್ರವಲ್ಲ, ಕೇಳಿ ತಿಳಿಯುವುದೂ ಸುಧಾರಿಸುತ್ತದೆ.

ಯಾವ ನಿಘಂಟು ಎಂಬ ನಿಮ್ಮ ಪ್ರಶ್ನೆಗೆ ಇಲ್ಲಿಂದ ಉತ್ತರ ಆರಂಭಿಸಬಹುದು. ಇಂಗ್ಲಿಷಿನಿಂದ ಕನ್ನಡಕ್ಕೆ ಅರ್ಥ ಹೇಳುವ ನಿಘಂಟುಗಳ ಪರಂಪರೆ ನಮ್ಮಲ್ಲಿ ಹಳೆಯದು. 1824ರಲ್ಲಿಯೇ ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು ಮದರಾಸಿನಲ್ಲಿ ಅಚ್ಚಾಯಿತು, ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ದೊಡ್ಡ ನಿಘಂಟು ಬಂದಿತು. ಇವು ಓದುವವರಿಗೂ ಅನುವಾದಿಸುವವರಿಗೂ ದೊಡ್ಡ ಆಸ್ತಿ. ಆದರೆ ಆಡುವವರಿಗೆ ಬೇಕಾದದ್ದು ಬೇರೆ, ಮತ್ತು ಅದು ಕಲಿಯುವವರಿಗೆಂದೇ ಇಂಗ್ಲಿಷಿನಲ್ಲಿ ರಚಿಸಿದ ನಿಘಂಟುಗಳಲ್ಲಿ ಸಿಗುತ್ತದೆ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಾಂಗ್‌ಮನ್ ಸಂಸ್ಥೆಗಳ ಇಂಥ ನಿಘಂಟುಗಳು ಅಂತರ್ಜಾಲದಲ್ಲಿ ಉಚಿತವಾಗಿಯೇ ದೊರೆಯುತ್ತವೆ. ಪ್ರತಿ ಪದದ ಪಕ್ಕದಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಉಚ್ಚಾರಣೆಯನ್ನು ಕೇಳುವ ಅನುಕೂಲವೂ ಇದೆ. ಅದಕ್ಕಿಂತ ಮುಖ್ಯವಾದದ್ದು ಪದದ ಬಳಿ ಓರೆಗೆರೆಗಳ ನಡುವೆ ಇರುವ ಬರಹ. 1886ರಲ್ಲಿ ಪ್ಯಾರಿಸ್ಸಿನಲ್ಲಿ ಭಾಷಾ ಶಿಕ್ಷಕರು ಸೇರಿ ಸ್ಥಾಪಿಸಿದ ಸಂಘವೊಂದು ರೂಪಿಸಿದ, ಒಂದು ಧ್ವನಿಗೆ ಒಂದೇ ಚಿಹ್ನೆ ಎಂಬ ತತ್ತ್ವದ ಅಂತರರಾಷ್ಟ್ರೀಯ ಧ್ವನಿಲಿಪಿ ಅದು. ಕನ್ನಡದ ವರ್ಣಮಾಲೆಯಲ್ಲಿ ಬೆಳೆದವರಿಗೆ ಆ ತತ್ತ್ವ ಹೊಸದಲ್ಲವಾದ್ದರಿಂದ ನಾವು ಅದಕ್ಕೆ ಹೆದರಬೇಕಾಗಿಲ್ಲ.

ಆ ಲಿಪಿಯ ಎಲ್ಲ ಚಿಹ್ನೆಗಳನ್ನೂ ಒಮ್ಮೆಗೇ ಕಲಿಯಬೇಡಿ. ಮೂರು ಸಾಕು. ಅಕ್ಷರಗಳ ಮೇಲ್ಭಾಗದಲ್ಲಿ ಕಾಣುವ ಚಿಕ್ಕ ನೇರ ಗೆರೆ ಒತ್ತಿನ ಗುರುತು. ಗೆರೆಯ ನಂತರ ಬರುವ ಭಾಗದ ಮೇಲೆ ಒತ್ತು ಎಂಬುದನ್ನು ಮರೆಯಬೇಡಿ, ಏಕೆಂದರೆ ಬಹಳ ಮಂದಿ ಅದನ್ನು ಹಿಂದಿನ ಭಾಗಕ್ಕೆ ಸೇರಿಸಿ ಓದುತ್ತಾರೆ. ಕೆಳಭಾಗದಲ್ಲಿ ಅಂಥದೇ ಗೆರೆ ಇದ್ದರೆ ಅದು ಎರಡನೆಯ ದರ್ಜೆಯ, ಹಗುರವಾದ ಒತ್ತು. ತಲೆಕೆಳಗಾಗಿ ಬರೆದ ಇಂಗ್ಲಿಷಿನ ಸಣ್ಣ ‘ಇ’ ಅಕ್ಷರವೇ ಶ್ವಾ. ಸ್ವರದ ಪಕ್ಕದಲ್ಲಿ ಎರಡು ಚುಕ್ಕೆ ಇದ್ದರೆ ದೀರ್ಘ. ಕೆಳಗಿನ ಗೆರೆಯನ್ನು ಸದ್ಯಕ್ಕೆ ಬಿಟ್ಟರೂ ನಡೆಯುತ್ತದೆ. ಇಷ್ಟನ್ನು ಗುರುತಿಸಲು ಬಂದರೆ, ನಿಮ್ಮ ಪುಸ್ತಕದಲ್ಲಿ ಕನ್ನಡ ಲಿಪಿಯಲ್ಲಿಯೇ ಪದವನ್ನು ಬರೆದು, ಒತ್ತು ಬೀಳುವ ಅಕ್ಷರಕ್ಕೆ ಅಡಿಗೆರೆ ಎಳೆಯಿರಿ, ಶ್ವಾ ಇರುವ ಅಕ್ಷರದ ಮೇಲೆ ಒಂದು ಚುಕ್ಕೆ ಇಡಿ. ಲಿಪಿಯಲ್ಲಿದ್ದ ಕೊರತೆ ಅಲ್ಲಿಗೆ ತುಂಬಿತು.

ಒತ್ತಿಗೆ ನಿಯಮಗಳಿಲ್ಲವೇ ಎಂದು ನೀವು ಕೇಳಬಹುದು. ಎಲ್ಲ ಪದಗಳಿಗೂ ಅನ್ವಯಿಸುವ ನಿಯಮವಿಲ್ಲ, ಆದರೆ ಬಹಳ ಕೆಲಸಕ್ಕೆ ಬರುವ ಕೆಲವು ಇವೆ. ‘ಷನ್’ ಎಂದು ಮುಗಿಯುವ ಪದಗಳಲ್ಲಿ ಒತ್ತು ಅದರ ಹಿಂದಿನ ಅಕ್ಷರದ ಮೇಲಿರುತ್ತದೆ: ‘ಅಪ್ಲಿಕೇಷನ್’, ‘ವೆರಿಫಿಕೇಷನ್’ ಎರಡರಲ್ಲಿಯೂ ‘ಕೇ’ ಮೇಲೆ. ‘ಇಕ್’ ಮತ್ತು ‘ಇಟಿ’ ಎಂದು ಮುಗಿಯುವ ಪದಗಳಲ್ಲಿಯೂ ಹಾಗೆಯೇ ಆ ಅಂತ್ಯಕ್ಕೆ ಮೊದಲಿನ ಅಕ್ಷರದ ಮೇಲೆ. ಇದರಿಂದಾಗಿ ಒಂದೇ ಮೂಲದ ಪದಗಳಲ್ಲಿ ಒತ್ತು ಜಾಗ ಬದಲಿಸುತ್ತದೆ, ಜೊತೆಗೆ ಸ್ವರಗಳೂ ಬದಲಾಗುತ್ತವೆ. ‘ಆಥರೈಸ್’ ಪದದಲ್ಲಿ ಒತ್ತು ಮೊದಲ ‘ಆ’ ಮೇಲೆ. ‘ಅಥಾರಿಟಿ’ ಪದದಲ್ಲಿ ‘ಥಾ’ ಮೇಲೆ. ‘ಇಕಾನಮಿ’ ಪದದಲ್ಲಿ ‘ಕಾ’ ಮೇಲೆ. ‘ಎಕನಾಮಿಕ್’ ಪದದಲ್ಲಿ ‘ನಾ’ ಮೇಲೆ. ಇನ್ನೊಂದು ಗುಂಪು ನಿಮಗೆ ದಿನವೂ ಬೇಕಾಗುವಂಥದು: ಎರಡು ಅಕ್ಷರಗಳ ಕೆಲವು ಪದಗಳು ನಾಮಪದವಾದಾಗ ಮೊದಲ ಅಕ್ಷರದ ಮೇಲೆ, ಕ್ರಿಯಾಪದವಾದಾಗ ಎರಡನೆಯದರ ಮೇಲೆ ಒತ್ತನ್ನು ಪಡೆಯುತ್ತವೆ. ಹಿಂದಿರುಗಿಸಿದ ಹಣ ಎಂಬ ಅರ್ಥದ ‘ರೀಫಂಡ್’ ಪದಕ್ಕೆ ಒತ್ತು ‘ರೀ’ ಮೇಲೆ, ಹಿಂದಿರುಗಿಸುವುದು ಎಂಬ ಅರ್ಥದ ‘ರಿಫಂಡ್’ ಪದಕ್ಕೆ ‘ಫಂ’ ಮೇಲೆ. ‘ರೆಕಾರ್ಡ್’, ‘ಪರ್ಮಿಟ್’, ‘ಇನ್‌ಕ್ರೀಸ್’ ಇವೂ ಈ ಗುಂಪಿಗೆ ಸೇರುತ್ತವೆ.

ಬಿಡಿ ಧ್ವನಿಗಳ ವಿಷಯದಲ್ಲಿ ನಾನು ಒಂದು ಆಯ್ಕೆಯನ್ನು ಮಾಡಿಕೊಂಡಿದ್ದೇನೆ. ನಮ್ಮ ‘ಟ’ ಮತ್ತು ‘ಡ’ ಇಂಗ್ಲಿಷಿನವರದಕ್ಕಿಂತ ನಾಲಿಗೆಯನ್ನು ಹೆಚ್ಚು ಮಡಿಸಿ ಆಡುವಂಥವು; ಅವರ ‘ಥಿನ್’, ‘ದಿಸ್’ ಪದಗಳ ಮೊದಲ ಧ್ವನಿ ನಮ್ಮ ತ, ದಗಳಂತೆ ತಡೆದು ಬಿಡುವಂಥದಲ್ಲ, ಹಲ್ಲಿನ ಸಂದಿಯಲ್ಲಿ ಗಾಳಿ ಉಜ್ಜಿ ಬರುವಂಥದು; ನಮ್ಮ ‘ರ’ ಸಹ ಬೇರೆ. ಇವು ಯಾವುವೂ ಮಾತು ತಿಳಿಯದಂತೆ ಮಾಡುವುದು ಅಪರೂಪ, ಹಾಗಾಗಿ ಅವುಗಳ ಮೇಲೆ ಈಗ ಶ್ರಮ ಹಾಕಬೇಡಿ. ಶ್ರಮ ಹಾಕಬೇಕಾದವು ಬೇರೆ ಇವೆ. ಮೊದಲನೆಯದು ನಮ್ಮ ‘ವ’. ಇಂಗ್ಲಿಷಿನ ‘ವಿ’ ಮತ್ತು ‘ಡಬ್ಲ್ಯೂ’ ಎರಡಕ್ಕೂ ನಾವು ಇದನ್ನೇ ಬಳಸುತ್ತೇವೆ, ಅದು ನಿಜವಾಗಿ ಎರಡೂ ಅಲ್ಲ. ‘ವಿ’ಗೆ ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಿ ಗಾಳಿ ಉಜ್ಜಬೇಕು, ‘ಡಬ್ಲ್ಯೂ’ಗೆ ತುಟಿಗಳು ದುಂಡಾಗಬೇಕು, ಹಲ್ಲು ಮುಟ್ಟಬಾರದು. ‘ವೆಸ್ಟ್’ ಎಂದರೆ ಒಳಉಡುಪೋ ಪಶ್ಚಿಮವೋ ಎಂಬುದು ಇಷ್ಟರಿಂದಲೇ ತೀರ್ಮಾನವಾಗುತ್ತದೆ.

ಎರಡನೆಯದರಲ್ಲಿ ಕನ್ನಡ ನಮಗೆ ನೆರವಾಗುತ್ತದೆ, ಮತ್ತು ಈ ನೆರವನ್ನು ನಾವು ಬಳಸಿಕೊಳ್ಳದಿರುವುದು ನನಗೆ ಸದಾ ಬೇಸರದ ಸಂಗತಿ. ಒತ್ತು ಬಿದ್ದ ಅಕ್ಷರದ ಆರಂಭದಲ್ಲಿ ಪ, ಟ, ಕ ಧ್ವನಿಗಳು ಬಂದರೆ ಇಂಗ್ಲಿಷಿನವರು ಅವುಗಳ ಜೊತೆಗೆ ಗಾಳಿಯನ್ನು ಹೊರಡಿಸುತ್ತಾರೆ, ಅಂದರೆ ಅವು ಮಹಾಪ್ರಾಣಕ್ಕೆ ಹತ್ತಿರವಾಗುತ್ತವೆ. ಗಾಳಿಯಿಲ್ಲದ ನಮ್ಮ ‘ಪಿನ್’ ಅವರಿಗೆ ‘ಬಿನ್’ ಎಂದು ಕೇಳಿಸಬಹುದು. ‘ಫಲ’ ಪದದ ಮೊದಲ ಅಕ್ಷರವನ್ನು, ಇಂಗ್ಲಿಷಿನ ‘ಎಫ್’ ಮಾಡದೆ, ಎರಡೂ ತುಟಿ ಸೇರಿಸಿ ಶುದ್ಧ ಮಹಾಪ್ರಾಣವಾಗಿ ಉಚ್ಚರಿಸಿದರೆ ‘ಪೇಮೆಂಟ್’ ಪದದ ‘ಪೇ’ ಹೇಗಿರಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. ‘ಕ್ಯಾಷ್’ ಪದದ ಕಕಾರಕ್ಕೆ ‘ಖ’ ಸಹಾಯ ಮಾಡುತ್ತದೆ. ‘ಎಸ್’ ನಂತರ ಬಂದಾಗ ಮಾತ್ರ, ಉದಾಹರಣೆಗೆ ‘ಸ್ಪೆಂಡ್’ ಪದದಲ್ಲಿ, ಈ ಗಾಳಿ ಇರುವುದಿಲ್ಲ.

ಉಳಿದವು ಕನ್ನಡದ ಸಹಜ ರೂಢಿಗಳು ಇಂಗ್ಲಿಷಿಗೆ ಹರಿದು ಬಂದವು. ಪದದ ಆರಂಭದ ಎಕಾರಕ್ಕೆ ಯಕಾರವನ್ನೂ ಒಕಾರಕ್ಕೆ ವಕಾರವನ್ನೂ ಸೇರಿಸಿ ‘ಯೆವೆರಿ’, ‘ವೋನ್ಲಿ’ ಎನ್ನುವುದು. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ‘ಬಸ್ಸು’, ‘ಬುಕ್ಕು’ ಎಂದು ಉಕಾರ ಸೇರಿಸುವುದು. ಸ್ಪೆಲಿಂಗಿನಲ್ಲಿ ಎರಡು ಸಲ ಬರೆದ ವ್ಯಂಜನವನ್ನು ಕಂಡು ‘ಸಮ್ಮರ್’, ‘ಡಿನ್ನರ್’ ಎಂದು ದ್ವಿತ್ವವಾಗಿ ಉಚ್ಚರಿಸುವುದು. ಇಂಗ್ಲಿಷಿನ ಬರಹದಲ್ಲಿ ಜೋಡಿ ವ್ಯಂಜನ ಸಾಮಾನ್ಯವಾಗಿ ತನ್ನ ಹಿಂದಿನ ಸ್ವರ ಹ್ರಸ್ವ ಎಂಬುದನ್ನು ಸೂಚಿಸುತ್ತದೆಯೇ ಹೊರತು ತಾನು ಎರಡಾಗಿ ಕೇಳಿಸುವುದಿಲ್ಲ. ಭೂತಕಾಲದ ‘ಇಡಿ’ ಅಂತ್ಯವನ್ನು ಎಲ್ಲೆಡೆ ‘ಎಡ್’ ಎನ್ನುವುದನ್ನೂ ಬಿಡಬೇಕು. ‘ಚೆಕ್’, ‘ಪ್ರೋಸೆಸ್’ ಪದಗಳ ಭೂತಕಾಲ ‘ಚೆಕ್ಟ್’, ‘ಪ್ರೋಸೆಸ್ಟ್’. ‘ಕ್ಲೋಜ಼್’ ಎಂಬುದರದು ‘ಕ್ಲೋಜ಼್ಡ್’. ಟಕಾರ ಡಕಾರಗಳಲ್ಲಿ ಮುಗಿಯುವ ‘ಕ್ರೆಡಿಟ್’, ‘ಆ್ಯಡ್’ನಂಥ ಕ್ರಿಯಾಪದಗಳಿಗೆ ಮಾತ್ರ ‘ಇಡ್’ ಎಂಬ ಬೇರೆಯೇ ಅಕ್ಷರ ಸೇರುತ್ತದೆ.

ಸ್ಪೆಲಿಂಗನ್ನು ನಂಬಿ ಉಚ್ಚರಿಸಬಾರದು ಎಂಬುದಕ್ಕೆ ನಿಮ್ಮ ಕ್ಷೇತ್ರದಲ್ಲಿಯೇ ಒಳ್ಳೆಯ ನಿದರ್ಶನಗಳಿವೆ. ಸಾಲ ಎಂಬ ಅರ್ಥದ ‘ಡೆಟ್’ ಪದದಲ್ಲಿ ‘ಬಿ’ ಅಕ್ಷರವೂ, ‘ರಿಸೀಟ್’ ಪದದಲ್ಲಿ ‘ಪಿ’ ಅಕ್ಷರವೂ ಇವೆ, ಎರಡೂ ಮೌನ. ‘ಡೆಟ್’ ಫ್ರೆಂಚಿನಿಂದ ಬಂದಾಗ ಅದರಲ್ಲಿ ‘ಬಿ’ ಇರಲೇ ಇಲ್ಲ. ಲ್ಯಾಟಿನ್ ಮೂಲವಾದ ‘ಡೆಬಿಟುಮ್’ ಪದದ ನೆನಪಿಗಾಗಿ ವಿದ್ವಾಂಸರು ಆಮೇಲೆ ಅದನ್ನು ಬರಹಕ್ಕೆ ಸೇರಿಸಿದರು. ಅಡಮಾನಕ್ಕೆ ಹೇಳುವ ಪದದಲ್ಲಿ ನಡುವೆ ‘ಟಿ’ ಬರೆದಿದ್ದರೂ ಉಚ್ಚಾರಣೆ ‘ಮಾರ್ಗಿಜ್’. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಮುದ್ರಣವನ್ನು ತಂದ ನಂತರ ಸ್ಪೆಲಿಂಗ್ ನಿಧಾನವಾಗಿ ಗಟ್ಟಿಗೊಳ್ಳುತ್ತ ಹೋಯಿತು, ಅದೇ ಶತಮಾನಗಳಲ್ಲಿ ದೀರ್ಘ ಸ್ವರಗಳ ಉಚ್ಚಾರಣೆ ಮಾತ್ರ ದೊಡ್ಡ ರೀತಿಯಲ್ಲಿ ಪಲ್ಲಟಗೊಂಡಿತು. ಬರಹಕ್ಕೂ ಬಾಯಿಗೂ ಇಷ್ಟು ಅಂತರ ಬಿದ್ದದ್ದು ಬಹುಮಟ್ಟಿಗೆ ಹಾಗೆ.

ಈಗ ಅರ್ಥದ ವಿಷಯಕ್ಕೆ ಬರುತ್ತೇನೆ. ಒಂದು ಇಂಗ್ಲಿಷ್ ಪದ, ಅದರೆದುರು ಒಂದು ಕನ್ನಡ ಪದ ಎಂದು ಬರೆದುಕೊಳ್ಳುವ ಕ್ರಮದಿಂದ ಓದು ನಡೆಯುತ್ತದೆ, ಮಾತು ನಡೆಯುವುದಿಲ್ಲ. ‘ಬಾಕಿ’ ಎಂಬ ನಮ್ಮ ಪದವನ್ನೇ ನೋಡಿ. ‘ಬ್ಯಾಲೆನ್ಸ್’, ‘ಡ್ಯೂ’, ‘ಓವರ್‌ಡ್ಯೂ’, ‘ಔಟ್‌ಸ್ಟ್ಯಾಂಡಿಂಗ್’, ‘ಅರಿಯರ್ಸ್’, ‘ಪೆಂಡಿಂಗ್’ ಇಷ್ಟಕ್ಕೂ ಎದುರಿಗೆ ‘ಬಾಕಿ’ ಎಂದು ಬರೆಯಬಹುದು. ಆದರೆ ‘ಬ್ಯಾಲೆನ್ಸ್’ ಉಳಿತಾಯ ಖಾತೆಯಲ್ಲಾದರೆ ಗ್ರಾಹಕರ ಸ್ವಂತ ಹಣ, ಸಾಲದ ಖಾತೆಯಲ್ಲಾದರೆ ಅವರು ಇನ್ನೂ ತೀರಿಸಬೇಕಾದ ಮೊತ್ತ. ‘ಡ್ಯೂ’ ಎಂದರೆ ಗೊತ್ತಾದ ದಿನಾಂಕಕ್ಕೆ ಕಟ್ಟಬೇಕಾದದ್ದು, ‘ಓವರ್‌ಡ್ಯೂ’ ಎಂದರೆ ಆ ದಿನಾಂಕ ದಾಟಿದ್ದು, ‘ಅರಿಯರ್ಸ್’ ಎಂದರೆ ದಾಟಿ ಕೂಡಿಬಿದ್ದದ್ದು. ‘ಪೆಂಡಿಂಗ್’ ಎಂಬುದು ಇನ್ನೂ ತೀರ್ಮಾನವಾಗದ ಅರ್ಜಿಗೂ ಪೂರ್ಣಗೊಳ್ಳದ ವ್ಯವಹಾರಕ್ಕೂ ಹೇಳುವ ಮಾತು. ಕಂತನ್ನು ಸಕಾಲಕ್ಕೆ ಕಟ್ಟುತ್ತಿರುವ ಗ್ರಾಹಕರಿಗೆ ‘ಡ್ಯೂ’ ಎನ್ನಬೇಕಾದಲ್ಲಿ ‘ಓವರ್‌ಡ್ಯೂ’ ಎಂದರೆ ಅವರು ಸಿಟ್ಟಾಗುವುದು ಸಹಜ. ‘ಔಟ್‌ಸ್ಟ್ಯಾಂಡಿಂಗ್’ ಪದಕ್ಕೆ ತೀರಿಸದೆ ಉಳಿದದ್ದು ಎಂಬುದಲ್ಲದೆ ಅತ್ಯುತ್ತಮ ಎಂಬ ಅರ್ಥವೂ ಇದೆ. ಹಾಗೆಯೇ ಸಾಲ ಕೊಡುವುದು, ಸಾಲ ತೆಗೆದುಕೊಳ್ಳುವುದು ಎಂದು ನಾವು ಒಂದೇ ಪದದಿಂದ ನಡೆಸುವ ವ್ಯವಹಾರಕ್ಕೆ ಇಂಗ್ಲಿಷಿನಲ್ಲಿ ‘ಲೆಂಡ್’, ‘ಬಾರೋ’ ಎಂಬ ಬೇರೆ ಬೇರೆ ಕ್ರಿಯಾಪದಗಳಿವೆ. ಇವು ಅದಲು ಬದಲಾದರೆ ಹಣ ಯಾರು ಯಾರಿಗೆ ಕೊಟ್ಟರು ಎಂಬುದೇ ತಲೆಕೆಳಗಾಗುತ್ತದೆ.

ಇದಕ್ಕೆ ಪರಿಹಾರ ಇಂಗ್ಲಿಷಿನಲ್ಲಿಯೇ ಬರೆದ ಸರಳ ವಿವರಣೆ. ನಿಘಂಟಿನ ವಿವರಣೆ ಪದಕ್ಕಿಂತ ಕಠಿಣವಾಗಿದ್ದರೆ ಉಪಯೋಗವಿಲ್ಲ ನಿಜ. 1755ರ ತಮ್ಮ ಪ್ರಸಿದ್ಧ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ‘ನೆಟ್‌ವರ್ಕ್’ ಪದವನ್ನು ವಿವರಿಸಲು ‘ರೆಟಿಕ್ಯುಲೇಟೆಡ್’, ‘ಡೆಕಸೇಟೆಡ್’ ಎಂಬಂಥ ಪದಗಳನ್ನು ಬಳಸಿದರು, ಬಲೆ ಎಂದರೇನೆಂದು ಗೊತ್ತಿಲ್ಲದವರಿಗೆ ಅವು ಗೊತ್ತಿರುವ ಸಂಭವ ಕಡಿಮೆ. ಈ ತೊಡಕನ್ನು ಬಿಡಿಸಿದವರಲ್ಲಿ ಮೊದಲಿಗರು ನಮ್ಮ ದೇಶದ ಮಕ್ಕಳನ್ನು ಕಂಡು ಯೋಚಿಸಿದವರು. ಆಗ ಭಾರತಕ್ಕೆ ಸೇರಿದ್ದ ಢಾಕಾದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಮೈಕೇಲ್ ವೆಸ್ಟ್ ಬಂಗಾಳಿ ವಿದ್ಯಾರ್ಥಿಗಳ ಓದಿನ ಕಷ್ಟಗಳನ್ನು ಹತ್ತಿರದಿಂದ ಅಭ್ಯಸಿಸಿ, ಆಮೇಲೆ 1935ರಲ್ಲಿ, ಎಲ್ಲ ಅರ್ಥಗಳನ್ನೂ ಕೇವಲ 1,490 ಸುಲಭ ಪದಗಳಲ್ಲಿ ವಿವರಿಸುವ ನಿಘಂಟನ್ನು ಹೊರತಂದರು. 1978ರ ಲಾಂಗ್‌ಮನ್ ನಿಘಂಟು ಸುಮಾರು 2,000 ಪದಗಳ ಮಿತಿಯನ್ನು ಹಾಕಿಕೊಂಡದ್ದು ಇದೇ ದಾರಿಯಲ್ಲಿ. ಅಷ್ಟು ಪದಗಳು ಬಿ.ಕಾಂ. ಮುಗಿಸಿದ ನಿಮಗೆ ಈಗಾಗಲೇ ಗೊತ್ತಿವೆ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಮತ್ತು ಅವರ ಸಂಗಡಿಗರು 1942ರಲ್ಲಿ ಟೋಕಿಯೋದಲ್ಲಿ ಪ್ರಕಟಿಸಿದ, ಆನಂತರ 1948ರಲ್ಲಿ ಆಕ್ಸ್‌ಫರ್ಡ್ ಹೊರತಂದ ನಿಘಂಟು ಇನ್ನೊಂದು ಉಪಕಾರ ಮಾಡಿತು: ಪದದ ಅರ್ಥವನ್ನು ಮಾತ್ರವಲ್ಲ, ಅದನ್ನು ವಾಕ್ಯದಲ್ಲಿ ಹೇಗೆ ಕೂರಿಸಬೇಕು ಎಂಬುದನ್ನೂ ಹೇಳಿತು.

ಆ ಎರಡನೆಯ ಮಾಹಿತಿಯೇ ನಮಗೆ ಹೆಚ್ಚು ಬೇಕಾದದ್ದು. ಕನ್ನಡದಲ್ಲಿ ‘ಅದರ ಬಗ್ಗೆ ಚರ್ಚಿಸೋಣ’ ಎನ್ನುವುದರಿಂದ ನಾವು ‘ಡಿಸ್ಕಸ್ ಅಬೌಟ್’ ಎಂದುಬಿಡುತ್ತೇವೆ. ಆ ಕ್ರಿಯಾಪದಕ್ಕೆ ‘ಅಬೌಟ್’ ಬೇಡ. ‘ನನಗೆ ವಿವರಿಸಿ’ ಎಂಬುದು ‘ಎಕ್ಸ್‌ಪ್ಲೇನ್ ಮಿ’ ಆಗುತ್ತದೆ. ಅಲ್ಲಿ ‘ಟು’ ಬೇಕು. ‘ಇನ್ಫರ್ಮೇಷನ್’ ಎಣಿಸಲಾಗದ ನಾಮಪದ, ಅದಕ್ಕೆ ಬಹುವಚನವಿಲ್ಲ. ‘ಡೀಟೇಲ್’ ಎಣಿಸಬಹುದಾದದ್ದು, ಅದಕ್ಕೆ ಇದೆ. ನಿಘಂಟಿನಲ್ಲಿ ಇದನ್ನೆಲ್ಲ ಪದದ ಪಕ್ಕದಲ್ಲಿಯೇ ಗುರುತಿಸಿರುತ್ತಾರೆ. ಯಾವ ಪದ ಯಾವ ಪದದ ಜೊತೆ ಕೂಡುತ್ತದೆ ಎಂಬುದು ಇನ್ನೂ ಸೂಕ್ಷ್ಮ: ನಮಗೆ ಮಳೆಯೂ ಜೋರು, ಗಾಳಿಯೂ ಜೋರು, ದನಿಯೂ ಜೋರು, ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’, ದನಿ ‘ಲೌಡ್’. ಜೊತೆಗೆ, ಕನ್ನಡದಲ್ಲಿ ಬೆರೆತು ಬೇರೆ ಅರ್ಥ ಪಡೆದ ಇಂಗ್ಲಿಷ್ ಪದಗಳನ್ನು ನಿಘಂಟಿನಲ್ಲಿ ತಪ್ಪದೆ ಪರೀಕ್ಷಿಸಿ. ನಮ್ಮ ‘ಹೋಟೆಲ್’ ಊಟ ತಿಂಡಿಯ ಜಾಗ, ಅವರದು ತಂಗುವ ಜಾಗ. ನಮ್ಮ ‘ಸೈಟು’ ಮನೆ ಕಟ್ಟುವ ನಿವೇಶನ, ಅವರದು ಯಾವುದೇ ಕೆಲಸ ನಡೆಯುವ ಸ್ಥಳವಾಗಿರಬಹುದು. ಕೇಳಲು ಒಂದು ಪ್ರಶ್ನೆ ಇದೆ ಎಂಬ ಅರ್ಥದಲ್ಲಿ ನಾವು ‘ಡೌಟ್’ ಇದೆ ಎಂದರೆ, ಹೊರದೇಶದ ಗ್ರಾಹಕರು ತಮ್ಮ ಮಾತನ್ನೇ ನೀವು ನಂಬುತ್ತಿಲ್ಲ ಎಂದು ತಿಳಿಯಬಹುದು.

ಬ್ರಿಟಿಷ್ ಅಥವಾ ಅಮೆರಿಕನ್ ಎಂಬ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು. ಎರಡರಲ್ಲಿ ಒಂದನ್ನು ನಿಘಂಟು ನೋಡುವಾಗ ಆಧಾರವಾಗಿ ಇಟ್ಟುಕೊಳ್ಳಿ, ಅನುಕರಣೆಗೆ ಹೋಗಬೇಡಿ. ಪದದ ಕೊನೆಯ ರಕಾರವನ್ನು ದಕ್ಷಿಣ ಇಂಗ್ಲೆಂಡಿನವರು ನುಂಗುತ್ತಾರೆ, ಅಮೆರಿಕನ್ನರೂ ಸ್ಕಾಟ್ಲೆಂಡಿನವರೂ ನಾವೂ ಉಳಿಸಿಕೊಳ್ಳುತ್ತೇವೆ. ಇದರಲ್ಲಿ ಯಾವುದೂ ಕೀಳಲ್ಲ. ಕೆಲವು ಪದಗಳಲ್ಲಿ ಮಾತ್ರ ಎರಡು ರೂಪಗಳನ್ನೂ ಕಿವಿಗೆ ಪರಿಚಯಿಸಿಕೊಳ್ಳಬೇಕು, ಉದಾಹರಣೆಗೆ ಬ್ರಿಟಿಷರಲ್ಲಿ ಹಲವರ ‘ಶೆಡ್ಯೂಲ್’ ಅಮೆರಿಕನ್ನರ ‘ಸ್ಕೆಡ್ಜೂಲ್’. ಕನ್ನಡದವರ ಇಂಗ್ಲಿಷ್ ಕನ್ನಡದವರದಾಗಿಯೇ ಕೇಳಿಸಲಿ, ಒತ್ತು ಸರಿಯಾದ ಜಾಗದಲ್ಲಿದ್ದರೆ ಸಾಕು.

ದಿನಕ್ಕೆ ಹತ್ತು ಪದ ಬೇಡ, ಮೂರು ಸಾಕು, ಅವು ಆ ದಿನದ ಕರೆಗಳಲ್ಲಿ ನಿಜವಾಗಿ ಬಂದ ಪದಗಳಾಗಿರಲಿ. ಪ್ರತಿಯೊಂದಕ್ಕೂ ಅಡಿಗೆರೆ ಮತ್ತು ಚುಕ್ಕೆಯಿರುವ ಕನ್ನಡ ಲಿಪಿಯ ಉಚ್ಚಾರಣೆ, ಸರಳ ಇಂಗ್ಲಿಷಿನ ವಿವರಣೆ, ಜೊತೆಗೂಡುವ ಒಂದೆರಡು ಪದ, ನೀವು ಗ್ರಾಹಕರಿಗೆ ಹೇಳಬಹುದಾದ ಒಂದು ವಾಕ್ಯ ಇಷ್ಟನ್ನು ಬರೆಯಿರಿ. ಕನ್ನಡ ಅರ್ಥವನ್ನೂ ಬರೆಯಿರಿ, ಅದು ಕೊನೆಯಲ್ಲಿ ಬರಲಿ. ನಿಘಂಟಿನ ಧ್ವನಿಯನ್ನು ಕೇಳಿ, ನಿಮ್ಮ ಫೋನಿನಲ್ಲಿ ಆ ಪದವನ್ನು ಧ್ವನಿಮುದ್ರಿಸಿ, ಎರಡನ್ನೂ ಒಂದರ ಹಿಂದೆ ಒಂದು ಕೇಳಿ; ಆಗ ಒತ್ತು ಎಲ್ಲಿ ಬಿತ್ತು ಎಂಬುದನ್ನು ಮಾತ್ರ ಗಮನಿಸಿ, ಉಳಿದದ್ದನ್ನು ಬಿಡಿ.

ಎರಡು ಕಡೆ ಮಾತ್ರ ಅಭ್ಯಾಸ ಕೂಡುವವರೆಗೆ ಕಾಯದೆ ನಾಳೆಯ ಕರೆಯಿಂದಲೇ ಎಚ್ಚರ ವಹಿಸಿ. ‘ಥರ್ಟೀನ್’ ಮತ್ತು ‘ಥರ್ಟಿ’, ‘ಫಿಫ್ಟೀನ್’ ಮತ್ತು ‘ಫಿಫ್ಟಿ’ ಇವುಗಳಲ್ಲಿ ಮೊದಲನೆಯದಕ್ಕೆ ‘ಟೀನ್’ ಮೇಲೆ, ಎರಡನೆಯದಕ್ಕೆ ಮೊದಲ ಅಕ್ಷರದ ಮೇಲೆ ಒತ್ತು ಎಂಬುದು ನಿಜ, ಆದರೆ ಮುಂದೆ ಬೇರೆ ಪದ ಬಂದಾಗ ಈ ಭೇದ ಸಡಿಲವಾಗುವುದೂ ಉಂಟು. ಹಣದ ವಿಷಯದಲ್ಲಿ ‘ಒನ್ ತ್ರೀ’, ‘ತ್ರೀ ಝೀರೋ’ ಎಂದು ಅಂಕಿಗಳನ್ನು ಬಿಡಿಸಿ ಮತ್ತೊಮ್ಮೆ ಹೇಳಿ. ‘ಕ್ಯಾನ್’ ವಾಕ್ಯದ ನಡುವೆ ಒತ್ತಿಲ್ಲದೆ ‘ಕನ್’ ಎಂದು ಕುಗ್ಗುತ್ತದೆ, ಅದರ ನಿಷೇಧರೂಪ ‘ಕಾಂಟ್’ (ಅಮೆರಿಕನ್ನರಲ್ಲಿ ‘ಕ್ಯಾಂಟ್’) ಸದಾ ಒತ್ತಿನಿಂದ ಬರುತ್ತದೆ. ನೀವು ‘ಕ್ಯಾನ್’ ಎಂದು ಒತ್ತಿ ಹೇಳಿದರೆ, ಕೊನೆಯ ಟಕಾರ ಫೋನಿನಲ್ಲಿ ಕೇಳಿಸದ ಕಾರಣ, ಆಗುತ್ತದೆ ಎಂದದ್ದು ಆಗುವುದಿಲ್ಲ ಎಂದು ತಿಳಿಯಬಹುದು. ಆಗುವುದಿಲ್ಲ ಎಂದು ಹೇಳಬೇಕಾದಾಗ ‘ಕೆನಾಟ್’ ಎಂಬ ಪೂರ್ಣರೂಪವನ್ನು ಬಳಸಿ.